ಗೋಡಕ್ಕನ ಹೆಸರಿಗೆ ಬರೆದ ಚೆಂಡುಗಳು

ಗೋಡಕ್ಕನ ಬಾಯಿಗೆ ಹೆದರದವರು ಆ ಲಾಂಡ್ರಿಯಲ್ಲಿ ಯಾರೂ ಇರಲಿಲ್ಲ. ಅವಳ ಅಳಿಯನೂ ಹೆದರುತ್ತಿದ್ದ, ತೋರಿಸಿಕೊಳ್ಳುತ್ತಿರಲಿಲ್ಲ ಅಷ್ಟೇ. ಅಂಥ ಅಳಿಯ ಒಂದು ಸೋಮವಾರ ಬೆಳಿಗ್ಗೆ ಊಟದ ಕೋಣೆಯ ಬಾಗಿಲಿಗೆ ಹಾಳೆಯೊಂದನ್ನು ಅಂಟಿಸಿದ. ಲಾಂಡ್ರಿಯ ಹೆಂಗಸರ ಬೇಸ್‌ಬಾಲ್ ತಂಡದಲ್ಲಿ ಯಾರ ಬೆಲೆ ಎಷ್ಟು ಎಂದು ಅದರಲ್ಲಿ ಒಬ್ಬೊಬ್ಬರ ಮುಂದೆ ಒಂದೊಂದು ಅಂಕಿ ಇತ್ತು. ಎಲ್ಲರಿಗಿಂತ ಕೆಳಗೆ, ಸೊನ್ನೆಗಿಂತಲೂ ಕೆಳಗೆ, ಸ್ವಂತ ಅತ್ತೆಯ ಹೆಸರಿತ್ತು.

"ನಿನ್ನೆ ರಾತ್ರಿ ನಮ್ಮ ಮನೇಲೇ ಉಂಡ್ರಲ್ಲ ಅಳಿಯಂದ್ರೇ, ಆಗ್ಲೇ ಇದು ನಿಮ್ಮ ಜೇಬಲ್ಲಿತ್ತಾ?" ಎಂದಳು ಗೋಡಕ್ಕ. ಸಿಟ್ಟು ಬಂದಷ್ಟೂ ಅಳಿಯನಿಗೆ ಕೊಡುವ ಮರ್ಯಾದೆ ಜಾಸ್ತಿಯಾಗುತ್ತಿತ್ತು.

"ಇತ್ತು ಅತ್ತೆ. ಊಟದ ಹೊತ್ತಲ್ಲಿ ಯಾಕೆ ಅಂತ ತೆಗೀಲಿಲ್ಲ."

"ಪುಣ್ಯಾತ್ಮರು."

ಸುತ್ತ ನಿಂತವರು ನಗು ತಡೆಯಲಾರದೆ ಟೀ ಲೋಟದೊಳಗೆ ಮುಖ ಇಟ್ಟುಕೊಂಡರು.

ಆ ಲಾಂಡ್ರಿಗೆ ಆಸ್ಪತ್ರೆಗಳಿಂದ, ಹೋಟೆಲುಗಳಿಂದ ಹಾಸಿಗೆ ಬಟ್ಟೆ ಬರುತ್ತಿತ್ತು. ತೊಳೆಯುವ ಯಂತ್ರಗಳು ಒಂದು ಕಡೆ, ಉದ್ದನೆಯ ರೋಲರ್ ಇಸ್ತ್ರಿ ಇನ್ನೊಂದು ಕಡೆ, ಕೊನೆಯಲ್ಲಿ ಬಟ್ಟೆ ಕಟ್ಟುವ ಪ್ಯಾಕಿಂಗ್. ರೋಲರಿನ ಬಾಯಿಗೆ ಒದ್ದೆ ಬೆಡ್‌ಶೀಟನ್ನು ಇಬ್ಬರು ಎರಡು ತುದಿ ಹಿಡಿದು, ಒಂದೇ ಸಲ ಝಾಡಿಸಿ, ಸುಕ್ಕಿಲ್ಲದ ಹಾಗೆ ಕೊಡಬೇಕು. ಒಂದು ತುದಿ ಗೋಡಕ್ಕನದು. ಇನ್ನೊಂದು ತುದಿಯನ್ನು ಎಡಚಿ ಹಿಡಿಯುತ್ತಿದ್ದಳು. ಎಡಗೈಯವಳು ಎಂದು ಅವಳಿಗೆ ಆ ಹೆಸರು. ಬೆಳಗಿನಿಂದ ಸಂಜೆಯವರೆಗೆ ಒಂದೇ ಬಟ್ಟೆಯ ಎರಡು ತುದಿ ಹಿಡಿದು ನಿಂತವರಿಗೆ ಒಬ್ಬರದೊಬ್ಬರಿಗೆ ತಿಳಿಯದ್ದು ಏನೂ ಉಳಿಯುವುದಿಲ್ಲ. ಎಡಚಿ ಗಂಡನ ಜೊತೆ ಜಗಳವಾಡಿ ಬಂದಿದ್ದರೆ ಅವಳ ತುದಿ ಬಿಗಿಯಾಗಿ ಬರುತ್ತಿತ್ತು. ಭುಜ ನೋಯುತ್ತಿದ್ದರೆ ಅರ್ಧ ಕ್ಷಣ ತಡವಾಗಿ ಬರುತ್ತಿತ್ತು. ಗೋಡಕ್ಕ ಏನೂ ಕೇಳುತ್ತಿರಲಿಲ್ಲ, ಎಳೆತ ನೋಡಿಯೇ ಅರ್ಥ ಮಾಡಿಕೊಳ್ಳುತ್ತಿದ್ದಳು.

ಭಾನುವಾರ ಇದೇ ಜೋಡಿ ಮೈದಾನದಲ್ಲಿ. ಎಡಚಿ ದಿಬ್ಬದ ಮೇಲೆ ನಿಂತು ಚೆಂಡೆಸೆಯುವ ಪಿಚರ್. ಗೋಡಕ್ಕ ಬ್ಯಾಟಿನವಳ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಹಿಡಿಯುವ ಕ್ಯಾಚರ್. ಮುಖಕ್ಕೆ ಕಬ್ಬಿಣದ ಜಾಲರಿ, ಎದೆಗೆ ಮತ್ತು ಮೊಣಕಾಲಿಗೆ ಪ್ಯಾಡು. ತಂಡ ಕಟ್ಟಿದ ಮೊದಲ ವರ್ಷ ಆ ಜಾಗ ಯಾರಿಗೂ ಬೇಡವಾಗಿತ್ತು. ಬಗ್ಗಿ ಕೂರಬೇಕು, ಬ್ಯಾಟು ತಲೆಯ ಪಕ್ಕದಲ್ಲೇ ಬೀಸುತ್ತದೆ, ಚೆಂಡು ಎಲ್ಲಿ ಬೇಕಾದರೂ ಬಡಿಯುತ್ತದೆ. ಆಗಿನ್ನೂ ಹೊಸದಾಗಿ ಮದುವೆಯಾಗಿ ಕೆಲಸಕ್ಕೆ ಸೇರಿದ್ದ ಗೋಡಕ್ಕ, "ಯಾರಿಗೂ ಬೇಡದಿದ್ರೆ ಇತ್ಲಾಗೆ ಕೊಡಿ" ಎಂದು ಹೋಗಿ ಕೂತವಳು ಮತ್ತೆ ಏಳಲಿಲ್ಲ. ದರ್ಜಿ ಗಂಡ ಹಳೇ ಕಂಬಳಿ ಮಡಚಿ ಮೊದಲ ಪ್ಯಾಡು ಹೊಲಿದುಕೊಟ್ಟ. ಬಿಸಿ ಬಟ್ಟೆ ಹಿಡಿದು ಹಿಡಿದು ಅಂಗೈ ಜಡ್ಡುಗಟ್ಟಿದ್ದರಿಂದ ಚೆಂಡಿನ ಪೆಟ್ಟೂ ಅವಳಿಗೆ ಅಷ್ಟಾಗಿ ತಾಗುತ್ತಿರಲಿಲ್ಲ. ಅವಳನ್ನು ದಾಟಿ ಏನೂ ಹೋಗುವುದಿಲ್ಲ ಎಂದು ಜನ ಗೋಡೆ ಎಂದರು, ವಯಸ್ಸಾದ ಮೇಲೆ ಅಕ್ಕ ಸೇರಿಸಿದರು.

ದಾಟಿ ಹೋಗುತ್ತಿರಲಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಎಡಚಿಯ ಕೈಯಲ್ಲಿ ಒಂದು ಚೆಂಡಿತ್ತು. ನೇರವಾಗಿ ಬರುವಂತೆ ಕಂಡು, ಬ್ಯಾಟಿನ ಹತ್ತಿರ ಬಂದೊಡನೆ ದೊಪ್ಪನೆ ಕೆಳಗೆ ಬೀಳುವ ಚೆಂಡು. ಬೀಸಿದವಳಿಗೆ ಗಾಳಿ ಬಿಟ್ಟರೆ ಏನೂ ಸಿಗದು. ಆದರೆ ಅದು ಒಮ್ಮೊಮ್ಮೆ ಜಾಸ್ತಿಯೇ ಬಿದ್ದು, ನೆಲಕ್ಕೆ ಬಡಿದು, ಗೋಡಕ್ಕನ ಪಕ್ಕದಿಂದ ಹಾರಿ ಹೋಗುವುದೂ ಉಂಟು. ಆಗ ಬೇಸ್‌ಗಳಲ್ಲಿ, ಎಂದರೆ ಓಟದ ದಾರಿಯ ಗುರುತುಗಳಲ್ಲಿ, ಕಾದು ನಿಂತ ಎದುರು ತಂಡದವರು ಒಂದೊಂದು ಬೇಸ್ ಮುಂದೆ ಓಡುತ್ತಾರೆ, ರನ್ನೂ ಆಗಿಬಿಡಬಹುದು. ನಿಯಮದ ಪ್ರಕಾರ ನೆಲ ಮುಟ್ಟಿ ಹೋದ ಚೆಂಡು ಪಿಚರಿನ ತಪ್ಪು. ನೆಲ ಮುಟ್ಟದೆ ಹೋದರೆ ಕ್ಯಾಚರಿನ ತಪ್ಪು.

ಎಡಚಿಯೋ, ಒಂದು ತಪ್ಪು ಹೆಸರಿಗೆ ಬಿದ್ದರೆ ಸಾಕು, ಮುದುಡಿಹೋಗುವ ಪೈಕಿ. ಆಮೇಲೆ ಆ ಚೆಂಡನ್ನು ಎಸೆಯುತ್ತಲೇ ಇರಲಿಲ್ಲ. ಇದನ್ನು ಮೊದಲ ವರ್ಷವೇ ಕಂಡುಕೊಂಡ ಗೋಡಕ್ಕ ಒಂದು ಪದ್ಧತಿ ಹಾಕಿಕೊಂಡಳು. ಚೆಂಡು ದಾಟಿ ಹೋದ ತಕ್ಷಣ ಜಾಲರಿ ಎತ್ತಿ, ಮೈದಾನದ ಅಂಚಿನಲ್ಲಿ ಸ್ಕೋರ್ ಬರೆಯುತ್ತಿದ್ದ ಲಾಂಡ್ರಿಯ ಗೇಟಿನ ಕಾವಲುಗಾರನಿಗೆ ಕೂಗುವುದು: "ಗೇಟಣ್ಣಾ, ನನ್ನ ಹೆಸರಿಗೆ ಬರ್ಕೊ!" ಗೇಟಣ್ಣ ಬರೆದುಕೊಳ್ಳುವುದು. ತಂಡದ ಎಲ್ಲರಿಗೂ ಗೊತ್ತು, ಎದುರು ತಂಡಗಳಿಗೂ ಗೊತ್ತು. ಯಾರಿಗೂ ನಷ್ಟವಿಲ್ಲದ ತಮಾಷೆ ಅದು. ಗೆದ್ದರೋ ಸೋತರೋ ಅಷ್ಟೇ ನೋಡುತ್ತಿದ್ದ ಕಾಲದಲ್ಲಿ ಯಾರ ಹೆಸರಿಗೆ ಏನು ಬಿತ್ತು ಎಂದು ಕೇಳುವವರೇ ಇರಲಿಲ್ಲ.

ಈ ವರ್ಷ ಕೇಳುವವನು ಬಂದ. ಲಾಂಡ್ರಿಯ ಲೆಕ್ಕ ಬರೆಯುತ್ತಿದ್ದ ಅಳಿಯನನ್ನೇ ತಂಡದ ಮ್ಯಾನೇಜರ್ ಮಾಡಿದರು. ಅವನು ಹಳೆಯ ಸ್ಕೋರುಗಳನ್ನೆಲ್ಲ ಕೂಡಿಸಿ ಕಳೆದು, ಯಾರಿಂದ ತಂಡಕ್ಕೆ ಎಷ್ಟು ರನ್ ಲಾಭ, ಯಾರಿಂದ ಎಷ್ಟು ನಷ್ಟ ಎಂದು ಅಂಕಿ ತೆಗೆದ. ಅಂಕಿ ಕಡಿಮೆ ಇದ್ದವರು ಬೆಂಚಿಗೆ. ಇದು ನಿಯಮ. ಮಾಡಿದವನೂ ಅವನೇ. ಗೋಡಕ್ಕನ ಪದ್ಧತಿಯ ವಿಷಯ ಮಾತ್ರ ಅವನಿಗೆ ಗೊತ್ತಿರಲಿಲ್ಲ, ಏಕೆಂದರೆ ಅದುವರೆಗೆ ಅವನು ಒಂದು ಪಂದ್ಯವನ್ನೂ ನೋಡಿರಲಿಲ್ಲ.

"ಮೊದಲು ಸೂಪರ್‌ವೈಸರ್ ತಮಗೆ ಬೇಕಾದವರನ್ನ ಆಡಿಸ್ತಿದ್ರು," ಎಂದ ಅವನು ಆ ಸೋಮವಾರ, ಹಾಳೆಗೆ ಬೆನ್ನು ಕೊಟ್ಟು ನಿಂತು. "ಪ್ಯಾಕಿಂಗಿನವಳನ್ನ ನೋಡಿ. ಎಷ್ಟು ವರ್ಷ ಬೆಂಚ್ ಮೇಲೆ ಕೂತಿದ್ಲು? ಸಿಕ್ಕ ಚೂರುಪಾರು ಅವಕಾಶದಲ್ಲೇ ಅವಳು ಬಾರಿಸಿದ್ದು ನಿಮ್ಮೆಲ್ಲರಿಗಿಂತ ಜಾಸ್ತಿ. ಅಂಕಿಗೆ ನೆಂಟರಿಲ್ಲ ಅತ್ತೆ."

"ಅದು ಕಾಣ್ತಾನೇ ಇದೆ," ಎಂದಳು ಗೋಡಕ್ಕ. "ಪ್ಯಾಕಿಂಗಿನವಳ ವಿಷಯ ನೀವು ಹೇಳಿದ್ದು ಸರಿ. ಅವಳನ್ನ ಮೂರನೇ ಬೇಸಿಗೆ ಹಾಕಿ, ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗಿ ನಿಲ್ಲಿಸ್ತೀನಿ. ನನ್ನ ಜಾಗಕ್ಕೆ ಯಾಕೆ ಹಾಕ್ತೀರಿ?"

"ಹಳೇ ಸ್ಕೋರುಗಳಲ್ಲೇ ಇದೆ, ನೀವು ಬ್ಯಾಟ್ ಮಾಡಿದ್ರೆ ಚೆಂಡು ನಿಮ್ಮ ಕಾಲ ಬುಡದಲ್ಲೇ ಬೀಳತ್ತೆ. ಓಡೋದಂತೂ ಬೇಡ ಬಿಡಿ. ನೀವು ಎರಡನೇ ಬೇಸಿಗೆ ಎಸೆದ ಚೆಂಡು ತಲುಪೋ ಹೊತ್ತಿಗೆ ಓಡಿದವಳು ಸೀರೆ ಬದಲಾಯಿಸ್ಕೊಂಡು ಬರಬಹುದು."

ಈ ಸಲ ಯಾರೂ ನಗು ತಡೆಯಲಿಲ್ಲ. ಗೋಡಕ್ಕನೂ ನಕ್ಕಳು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೊಣಕಾಲು ಎರಡು ವರ್ಷದಿಂದ ಲಟಲಟ ಎನ್ನುತ್ತಿತ್ತು.

"ಸರಿ, ಅದು ಆಯ್ತು. ಎಡಚಿ ಎಸೆದದ್ದಕ್ಕೆ ಎದುರಿನವರು ಬೀಸಿ ಬೀಸಿ ಸುಸ್ತಾಗಿ ಹೋದ್ರಲ್ಲ, ಆಗದೇ ಉಳಿದ ಆ ರನ್ನುಗಳು, ಅವನ್ನ ಎಲ್ಲಿ ಬರೆದಿದ್ದೀರಿ?"

"ಆಗದೇ ಇದ್ದದ್ದನ್ನ ಹೇಗೆ ಅಳೀಲಿ ಅತ್ತೆ?"

"ಅಳೆಯೋಕೆ ಬರದಿದ್ರೆ ಬರಲ್ಲ ಅನ್ನಿ. ಇಲ್ಲ ಅನ್ಬೇಡಿ."

ಅಳಿಯ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದ. ಆದರೆ ಹಾಳೆಯನ್ನು ಕೀಳಲಿಲ್ಲ. ಮುಂದಿನ ಭಾನುವಾರದಿಂದ ಗೋಡಕ್ಕ ಬೆಂಚಿಗೆ.

ಬೆಂಚಿನ ಮೇಲೆ ಅವಳು ಸುಮ್ಮನೆ ಕೂತಳೆಂದು ತಿಳಿದರೆ ಅವಳ ಪರಿಚಯವೇ ಆಗಿಲ್ಲ ಎಂದರ್ಥ. ಎದೆಗೆ ಪ್ಯಾಡು, ಕಾಲಿಗೆ ಪ್ಯಾಡು, ತಲೆಯ ಮೇಲೆ ಜಾಲರಿ, ಪೂರ್ತಿ ವೇಷ ಕಟ್ಟಿಕೊಂಡು ಸುಡುಬಿಸಿಲಲ್ಲಿ ಕೂತಳು. ಮಗಳು ಬಂದು, "ಅಮ್ಮ, ಎಲ್ಲರೂ ನೋಡ್ತಿದ್ದಾರೆ, ಬಿಚ್ಚಿಡು" ಎಂದಳು. "ನೋಡ್ಲಿ ಅಂತಾನೇ ಹಾಕ್ಕೊಂಡಿರೋದು. ನಿನ್ನ ಗಂಡಂಗೆ ಚೆನ್ನಾಗಿ ಕಾಣ್ಲಿ," ಎಂದಳು. ತಾಯಿಗೂ ಗಂಡನಿಗೂ ನಡುವೆ ಸಿಕ್ಕ ಆ ಮಗಳು ಆ ಬೇಸಿಗೆಯಲ್ಲಿ ತವರಿಗೆ ಬಂದರೆ ಗಂಡನ ಪರ, ಮನೆಗೆ ಹೋದರೆ ತಾಯಿಯ ಪರ ವಾದಿಸಿ ಎರಡೂ ಕಡೆ ಬೈಸಿಕೊಂಡಳು.

ಮೊದಲ ಪಂದ್ಯ ಗೆದ್ದರು. ಪ್ಯಾಕಿಂಗಿನವಳು ಬೇಲಿಯಾಚೆಗೆ ಬಾರಿಸಿದಳು. ಅಳಿಯ ಬೆಂಚಿನ ಕಡೆ ತಿರುಗಿ ನೋಡಲಿಲ್ಲ, ಅದು ಅವನ ದೊಡ್ಡತನ. ಎರಡನೆಯದರಲ್ಲಿ ಎಡಚಿಯ ಚೆಂಡೊಂದು ನೆಲಕ್ಕೆ ಬಡಿದು ಹಾರಿತು. ಪ್ಯಾಕಿಂಗಿನವಳು ಪಾಪ, ಕೆಟ್ಟವಳಲ್ಲ, ಇದ್ದದ್ದು ಇದ್ದ ಹಾಗೆ ಕೈ ಎತ್ತಿ ಕೂಗಿದಳು: "ನೆಲ ಮುಟ್ತು! ಅದು ಅವಳ್ದು!" ಗೇಟಣ್ಣ ಬೆಂಚಿನ ಕಡೆ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ಎಡಚಿಯ ಹೆಸರಿಗೆ ಬರೆದ. ಅಲ್ಲಿಗೆ ಮುಗಿಯಿತು. ಎಡಚಿ ಮತ್ತೆ ಆ ಚೆಂಡು ಎಸೆಯಲಿಲ್ಲ. ನೇರ ನೇರ ಎಸೆದಳು, ಎದುರಿನವರು ನೇರ ನೇರ ಬಾರಿಸಿದರು. ಆ ಪಂದ್ಯ ಸೋತರು, ಅದರ ಮುಂದಿನದನ್ನೂ ಸೋತರು.

ಸೋತ ಮರುದಿನ ಎಡಚಿ ತಾನಾಗಿ ಲೆಕ್ಕದ ಕೋಣೆಗೆ ಹೋಗಿ ಅಳಿಯನಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಗೋಡಕ್ಕನ ಹೆಸರಿನಲ್ಲಿರುವ ತಪ್ಪುಗಳಲ್ಲಿ ಬಹುಪಾಲು ತನ್ನವು ಎಂದಳು. ಅಳಿಯ ಅಂದು ಸಂಜೆಯೇ ಅತ್ತೆಯ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿದ.

"ಹೇಳ್ಬಾರದಾಗಿತ್ತಾ ಅತ್ತೆ? ಗೇಟಣ್ಣನ್ನ ಕೂರಿಸ್ಕೊಂಡು ಎಲ್ಲಾ ತಿದ್ದಿಬಿಡ್ತೀನಿ. ನಿಮ್ಮ ಅಂಕಿ ಮೇಲೆ ಬರತ್ತೆ. ಬಸ್ ಡಿಪೋದವರ ಮೇಲೆ ಕೊನೇ ಪಂದ್ಯ ನೀವೇ ಆಡಬಹುದು."

ಗೋಡಕ್ಕ ಮೊಣಕಾಲಿಗೆ ಎಣ್ಣೆ ಹಚ್ಚುತ್ತ ಕೂತಿದ್ದಳು. "ತಿದ್ದಿದ್ರೆ ಎಡಚಿ ಎಲ್ಲಿಗೆ ಹೋಗ್ತಾಳೆ?"

ಅಳಿಯ ಈಗ ಚಪ್ಪಲಿ ಬಿಟ್ಟ. "ಕೆಳಕ್ಕೆ."

"ನಿಮ್ಮ ನಿಯಮದ ಪ್ರಕಾರ ಬೆಂಚಿಗೆ."

"ಹೌದು... ಬೆಂಚಿಗೆ."

"ಹಾಗಾದ್ರೆ ತಿದ್ಬೇಡಿ."

"ಅದು ಸುಳ್ಳು ಲೆಕ್ಕ ಅತ್ತೆ! ಸುಳ್ಳು ಅಂತ ಗೊತ್ತಾದ ಮೇಲೆ ನಾನು ಹೇಗೆ ಇಟ್ಕೊಳ್ಳಲಿ?"

"ಯಾವುದು ಸುಳ್ಳು?" ಗೋಡಕ್ಕನ ದನಿ ಏರಿತು. "ನೆಲಕ್ಕೆ ಬೀಳೋ ಚೆಂಡು ಎಸಿ ಅಂತ ಕೈಸನ್ನೆ ಮಾಡ್ತಿದ್ದವಳು ಯಾರು? ನಾನು. ಹೋದ್ರೆ ನಂದು, ನೀನು ಧೈರ್ಯವಾಗಿ ಎಸಿ ಅಂತ ಮಾತು ಕೊಟ್ಟವಳು ಯಾರು? ನಾನು. ನಾನು ಕೇಳಿ ಇಸ್ಕೊಂಡದ್ದು ಅದು. ನನ್ನ ಕೈಲಿ ಕೊಟ್ಟದ್ದನ್ನ ಕಿತ್ಕೊಂಡು ಅವಳ ತಲೆ ಮೇಲೆ ಹಾಕೋಕೆ ನೀವ್ಯಾರು ಅಳಿಯಂದ್ರೇ?"

"ತಿದ್ದದೇ ಇದ್ರೆ ನಿಮ್ಮನ್ನ ಆಡಿಸೋಕೆ ನನ್ನ ಹತ್ರ ಕಾರಣಾನೇ ಇರಲ್ಲ."

"ಆಡಿಸ್ಬೇಡಿ. ಕೈ ತೊಳ್ಕೊಳ್ಳಿ, ಊಟಕ್ಕೆ ಹಾಕ್ತೀನಿ."

ಹಾಗೆ ಹೇಳಿದಳೇ ಹೊರತು ಬಿಟ್ಟುಕೊಡುವುದು ಸುಲಭವಿರಲಿಲ್ಲ. ಆ ಜಾಗ ಬಿಟ್ಟರೆ ಅವಳಿಗೆ ಲೋಕದಲ್ಲಿ ಇನ್ನೊಂದು ಜಾಗ ಬೇಕಾಗಿರಲಿಲ್ಲ. ಈ ಮೊಣಕಾಲಿನಲ್ಲಿ ಈ ವರ್ಷ ಕೂರದಿದ್ದರೆ ಮುಂದೆ ಯಾರೂ ಕೂರು ಎನ್ನುವುದಿಲ್ಲ ಎಂದೂ ಗೊತ್ತಿತ್ತು. ಅಳಿಯ ಉಂಡು ಹೋದ ಮೇಲೆ ಗಂಡನ ಮುಂದೆ ಅತ್ತಳು. ಅತ್ತು, ಮೂಗೊರೆಸಿಕೊಂಡು, ಹರಿದಿದ್ದ ಪ್ಯಾಡನ್ನು ಅವನ ಮುಂದೆ ಹಾಕಿ ಹೊಲಿ ಎಂದಳು.

ಬಸ್ ಡಿಪೋದವರೊಂದಿಗಿನ ಪಂದ್ಯ ಕೊನೆಯ ಸರದಿಯವರೆಗೂ ಸಮಸಮ ಬಂತು. ಡಿಪೋದವರು ಬ್ಯಾಟ್ ಮಾಡುತ್ತಿದ್ದರು. ಮೂರನೇ ಬೇಸಿನಲ್ಲಿ ಅವರ ಕಂಡಕ್ಟರಮ್ಮ ನಿಂತಿದ್ದಳು. ಅವಳು ಓಡಿ ಬಂದು ಬ್ಯಾಟಿನವಳ ಕಾಲ ಬಳಿಯ ಹೋಮ್ ಮುಟ್ಟಿದರೆ ಒಂದು ರನ್, ಪಂದ್ಯ ಅವರದು. ಇಬ್ಬರನ್ನು ಇನ್ನೂ ಔಟ್ ಮಾಡಬೇಕಿತ್ತು. ಎಡಚಿ ಚೆಂಡನ್ನು ಕೈಯಲ್ಲಿ ಹೊರಳಿಸಿದಳು, ಹೊರಳಿಸಿದಳು, ಆಮೇಲೆ ದಿಬ್ಬದ ಮೇಲಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಳು.

"ಗೋಡಕ್ಕ ಬರ್ಲಿ. ಇಲ್ಲಾಂದ್ರೆ ನಾನು ಎಸೆಯಲ್ಲ."

ಅಂಪೈರ್ ಗಡಿಯಾರ ತೋರಿಸಿದ. ಅಳಿಯ ಕೈಯಲ್ಲಿದ್ದ ಹಾಳೆಯನ್ನು ನೋಡಿದ. ಅಷ್ಟರಲ್ಲಿ ಪ್ಯಾಕಿಂಗಿನವಳು ತಾನೇ ಎದ್ದು ಗ್ಲೌಸು ಬಿಚ್ಚಿ, "ನನಗೂ ಸಾಕಾಗಿದೆ. ಮೂರನೇ ಬೇಸ್ ಕೊಡ್ತೀನಿ ಅಂದಿದ್ರಲ್ಲ ಅಕ್ಕ?" ಎಂದಳು. ಅಳಿಯ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ. "ಹೋಗಿ ಅತ್ತೆ," ಎಂದ, ಅತ್ತೆಯ ಮುಖ ನೋಡದೆ.

"ಹೋಗದೆ ಮತ್ತೇನು? ವೇಷ ಹಾಕ್ಕೊಂಡೇ ಕೂತಿದ್ದೀನಲ್ಲ."

ಕೂತಳು. ಮೊಣಕಾಲು ಲಟಕ್ಕೆಂದಿತು. ಕೆಳಗೆ ಬೀಳುವ ಚೆಂಡಿಗೆ ಸನ್ನೆ ಮಾಡಿದಳು. ಎಡಚಿ ಎಸೆದಳು. ಮೊದಲ ಬ್ಯಾಟಿನವಳು ಮೂರೂ ಸಲ ಗಾಳಿಗೆ ಬೀಸಿ ಔಟಾಗಿ ಬೈದುಕೊಳ್ಳುತ್ತ ಹೋದಳು. ಒಂದು ಚೆಂಡು ನೆಲಕ್ಕೆ ಬಡಿದು ಎದೆಗೆ ನುಗ್ಗಿದಾಗ ಗೋಡಕ್ಕ ಅದನ್ನು ಮೈಯಿಂದಲೇ ತಡೆದು ಕೆಡವಿದಳು. ಬೆಂಚಿನಿಂದ ಕೂಗು ಎದ್ದಿತು. ಅವಳಿಗೆ ಪ್ರಾಯ ಮರಳಿ ಬಂದ ಹಾಗಾಗಿತ್ತು.

ಕೊನೆಯವಳಿಗೂ ಅದೇ ಸನ್ನೆ. ಚೆಂಡು ಬಂತು, ಚೆನ್ನಾಗಿ ಬಿತ್ತು, ನೆಲದಿಂದ ಗೇಣು ಮೇಲೆ. ಅಂಥದ್ದನ್ನು ಅವಳು ಕಣ್ಣು ಮುಚ್ಚಿ ಹಿಡಿಯುತ್ತಿದ್ದಳು. ಆದರೆ ಆ ಗಳಿಗೆಯಲ್ಲಿ ಅವಳ ಕಣ್ಣು ಮೂರನೇ ಬೇಸಿನ ಕಂಡಕ್ಟರಮ್ಮನ ಕಡೆ ಹೋಯಿತು. ಗ್ಲೌಸು ಬೇಗ ಕೆಳಗೆ ಇಳಿದು ನೆಲ ಕೆರೆಯಿತು, ಧೂಳೆದ್ದಿತು, ಚೆಂಡು ಗ್ಲೌಸಿನ ಮೇಲಿನಿಂದ ಹಾದು ಹಿಂದಕ್ಕೆ ಹೋಯಿತು. ಅವಳು ಎದ್ದು ತಿರುಗುವಷ್ಟರಲ್ಲಿ ಕಂಡಕ್ಟರಮ್ಮ ಓಡಿ ಬಂದು ಹೋಮ್ ತುಳಿದಾಗಿತ್ತು. ಪಂದ್ಯ ಹೋಯಿತು, ಆ ವರ್ಷವೂ ಹೋಯಿತು.

ಡಿಪೋದವರ ಗದ್ದಲದ ನಡುವೆ ಗೋಡಕ್ಕ ಜಾಲರಿ ಎತ್ತಿದಳು. "ಗೇಟಣ್ಣಾ, ನನ್ನ ಹೆಸರಿಗೆ ಬರ್ಕೊ!"

ತಂಡದವರೆಲ್ಲ ನಕ್ಕುಬಿಟ್ಟರು. ಸೋತ ಹೊಟ್ಟೆಯುರಿಯಲ್ಲೂ ಆ ನಗು ಬಂತು. ಎಡಚಿ ಕಣ್ಣು ತುಂಬಿಕೊಂಡು ಓಡಿಬಂದು, "ಇಲ್ಲ ಗೇಟಣ್ಣ, ನಂದು. ಈ ಸಲ ನನ್ನ ಹೆಸರಿಗೇ ಬರಿ. ಸಾಕು ಅಕ್ಕ, ಇನ್ನೆಷ್ಟು ದಿನ?" ಎಂದಳು.

"ನಿಂದಲ್ಲ ಕಣೇ. ಚೆಂಡು ನೆಲ ಮುಟ್ಲಿಲ್ಲ."

"ಧೂಳೆದ್ದದ್ದು ನಾವೆಲ್ಲ ನೋಡಿದ್ವಿ ಅತ್ತೆ," ಎಂದ ಅಳಿಯ. ಅವನ ದನಿಯಲ್ಲಿ ಎಂದೂ ಇಲ್ಲದ ಪ್ರೀತಿಯಿತ್ತು. ಗೋಡಕ್ಕನಿಗೆ ಉರಿದುಹೋದದ್ದು ಅದಕ್ಕೇ.

"ಧೂಳೆಬ್ಬಿಸಿದ್ದು ನನ್ನ ಗ್ಲೌಸು! ನಾನು ಆ ಕಂಡಕ್ಟರನ್ನ ನೋಡ್ತಾ ಕೂತೆ. ಚೆಂಡು ಬಿಟ್ಟೆ. ನಿಜವಾಗ್ಲೂ ನಾನೇ ಬಿಟ್ಟೆ."

"ನೀವು ಯಾವಾಗ್ಲೂ ಹಾಗೇ ಅಂತೀರಿ."

ಅಷ್ಟು ವರ್ಷ ಇನ್ನೊಬ್ಬರದನ್ನು ತನ್ನದು ಎಂದಾಗ ಎಲ್ಲರೂ ಬರೆದುಕೊಂಡಿದ್ದರು. ಈಗ ತನ್ನದನ್ನು ತನ್ನದು ಎಂದರೆ ಒಂದು ನರಪಿಳ್ಳೆಯೂ ನಂಬುತ್ತಿಲ್ಲ. ಗೇಟಣ್ಣನ ಪೆನ್ಸಿಲು ಆಗಲೇ ಎಡಚಿಯ ಹೆಸರಿನ ಕಡೆ ಸರಿಯುತ್ತಿತ್ತು. ಗೋಡಕ್ಕ ಪ್ಯಾಡು ಕಟ್ಟಿದ ಕಾಲಲ್ಲೇ ದಡದಡ ಹೋಗಿ, ಪೆನ್ಸಿಲು ಕಸಿದುಕೊಂಡು, ತನ್ನ ಹೆಸರಿನ ಮುಂದೆ ಗೀಟು ಎಳೆದಳು. ಸೀಸದ ಮೊನೆ ಮುರಿಯುವಷ್ಟು ಒತ್ತಿ ಎಳೆದಳು.

"ಈಗ ಕೂಡಿಸ್ಕೊಳ್ಳಿ ನಿಮ್ಮ ಲೆಕ್ಕ," ಎಂದಳು ಅಳಿಯನಿಗೆ.

ಮರುದಿನ ಊಟದ ಕೋಣೆಯ ಬಾಗಿಲಿಗೆ ವರ್ಷದ ಕೊನೆಯ ಹಾಳೆ ಬಂತು. ಗೋಡಕ್ಕ ಮತ್ತೆ ಎಲ್ಲರಿಗಿಂತ ಕೆಳಗೆ, ಹೋದ ಸಲಕ್ಕಿಂತ ಒಂದು ಗೀಟು ಆಳಕ್ಕೆ. ಅಳಿಯ ಅಂಟಿನ ಡಬ್ಬಿ ಹಿಡಿದು ಅಪರಾಧಿಯಂತೆ ನಿಂತಿದ್ದ.

"ಮುಂದಿನ ವರ್ಷದ ನಿಯಮ ಇನ್ನೂ ಬರೆದಿಲ್ಲ ಅತ್ತೆ. ಎಡಚಿ ನಿಮಗೆ ಬಿಟ್ಟು ಇನ್ಯಾರಿಗೂ ಎಸೆಯಲ್ಲ ಅಂತ ಬೆಳಿಗ್ಗೆನೇ ಹೇಳಿ ಹೋದ್ಲು. ಇದನ್ನ ಲೆಕ್ಕದಲ್ಲಿ ಎಲ್ಲಿ ಹಾಕೋದು ಗೊತ್ತಾಗ್ತಿಲ್ಲ."

"ಗೊತ್ತಾಗೋವರೆಗೆ ನಾನು ಅಲ್ಲಿ ಕೂತಿರ್ತೀನಿ. ಎದ್ದು ಹೋಗು ಅಂತ ಹೇಳೋಕೆ ನೀವೇ ಬರ್ಬೇಕು, ಹಾಳೆ ಕಳಿಸ್ಬೇಡಿ. ಮೊಳೆ ಹೊಡೀರಿ ಅದಕ್ಕೆ, ಅಂಟು ನಿಲ್ಲಲ್ಲ."

ರೋಲರ್ ಬಿಸಿಯಾಗಿತ್ತು. ಎಡಚಿ ಆಚೆ ತುದಿ ಹಿಡಿದು ಕಾಯುತ್ತಿದ್ದಳು. ಇಬ್ಬರೂ ಮೊದಲ ಬೆಡ್‌ಶೀಟು ಝಾಡಿಸಿದರು. ಎಡಚಿಯ ತುದಿ ಬಿಗಿಯಾಗಿ ಬಂತು. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಎಂದು ಗೋಡಕ್ಕನಿಗೆ ತಿಳಿಯಿತು.

"ಅಕ್ಕ, ನನ್ನಾಣೆ ಹೇಳು. ನೆಲ ಮುಟ್ತಾ?"

"ಮುಟ್ಲಿಲ್ಲ. ನೀನು ಹಾಕಿದ್ರಲ್ಲೆಲ್ಲ ಅದೇ ಚೆನ್ನಾಗಿತ್ತು. ನಾನು ಬಿಟ್ಟೆ."

ಎಡಚಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಅವಳ ಭುಜ ಸಡಿಲವಾದದ್ದು ಬಟ್ಟೆಯಗುಂಟ ಗೋಡಕ್ಕನ ಕೈಗೆ ಬಂದು ಮುಟ್ಟಿತು.

"ಬೇರೆ ಯಾರೂ ನಂಬಲ್ಲ," ಎಂದಳು ಎಡಚಿ.

"ನಂಬದಿದ್ರೆ ಬಿಡ್ಲಿ. ನೀನು ನಂಬಿದ್ಯಲ್ಲ. ಎಳಿ ಈಗ, ಸುಕ್ಕು ಬೀಳ್ತಿದೆ."